ಶನಿವಾರದ ಹಾಳೆ

ಹುಬ್ಬಳ್ಳಿ
12 ಜೂನ್ 1988

ಗೋಣೆಪ್ಪ ಕಾಕಾ ಅವರಿಗೆ ಪ್ರಾಣೇಶನ ನಮಸ್ಕಾರಗಳು.

ನಿನ್ನೆ ಸಂಜೆ ಊರು ಮುಟ್ಟಿದೆ. ಹಾವೇರಿಯವರೆಗೆ ನಿಂತೇ ಬಂದೆ. ಆದರೂ ನಿಮ್ಮ ಮನೆಯಾಕೆ ಫಕ್ಕೀರವ್ವ ಕಟ್ಟಿಕೊಟ್ಟ ಬುತ್ತಿಯ ಗಂಟನ್ನು ಯಾರೂ ತುಳಿಯದಂತೆ ಕಾಯ್ದುಕೊಂಡು ಬಂದೆ.

ನಿಮ್ಮ ಹಿರೇಕೆರೂರು ದವಾಖಾನೆಯಲ್ಲಿ ಕಂಪ್ಯೂಟರ್ ಕೂಡಿಸುವುದು ಎರಡು ದಿನದ ಕೆಲಸ ಎಂದುಕೊಂಡು ಬಂದವನು ವಾರಪೂರ್ತಿ ನಿಮ್ಮ ಮನೆಯಲ್ಲೇ ಬೀಡುಬಿಟ್ಟೆ. ಮೊದಲ ದಿನ ಫಕ್ಕೀರವ್ವ ಬಾಗಿಲಲ್ಲಿ ನಿಂತು, "ತಮ್ಮಾ, ನೀವು ಆಚಾರದ ಮಂದಿ. ನಮ್ಮ ಮನ್ಯಾಗ ಉಣ್ತೀರೋ ಇಲ್ಲೋ?" ಎಂದು ಕೇಳಿದ್ದರು. "ಹಸಿವಿ ಆಗೇದ ಅವ್ವಾ" ಎಂದೆ. "ಹಂಗಾರ ಕೈ ತೊಳ್ಕೋರಿ" ಎಂದರು. ಮಾತು ಅಲ್ಲಿಗೆ ಮುಗಿಯಿತು. ನಮ್ಮ ತಾಯಿ ತುಳಸಾಬಾಯಿಗೆ ಮಾತ್ರ ಖಾನಾವಳಿಯಲ್ಲಿ ಉಂಡೆ ಎಂದು ಹೇಳಿದ್ದೇನೆ. ನೀವು ಹುಬ್ಬಳ್ಳಿಗೆ ಬಂದಾಗ ಬಾಯಿ ಬಿಡಬೇಡಿ.

ನಮ್ಮ ವರದಾ ಆರೋಗ್ಯ ಸಂಘದ ನಾಲ್ಕೂ ದವಾಖಾನೆಗಳಲ್ಲಿ ಈಗ ಯಂತ್ರ ಕೂತಂತಾಯಿತು. ನೀವು ಕೇಳಿದಿರೆಂದು ಇನ್ನೊಮ್ಮೆ ಬರೆಯುತ್ತೇನೆ. ಸಂಜೆ ಬಾಗಿಲು ಹಾಕುವ ಮುಂಚೆ ಯಾವ ಔಷಧ ಎಷ್ಟು ಉಳಿದಿದೆ ಎಂದು ನೀವು ಕಂಪ್ಯೂಟರಿಗೆ ಹಾಕಬೇಕು. ಹಾನಗಲ್ಲು, ಶಿಗ್ಗಾವಿ, ಸವಣೂರಿನವರೂ ಹಾಕುತ್ತಾರೆ. ಅದೆಲ್ಲ ಟೆಲಿಫೋನ್ ತಂತಿಯಲ್ಲಿ ಹುಬ್ಬಳ್ಳಿಗೆ ಬರುತ್ತದೆ. ಇಲ್ಲಿನ ಯಂತ್ರ ನಾಲ್ಕೂ ಕಡೆಯದನ್ನು ಒಟ್ಟುಮಾಡಿ ರಾತ್ರಿಯೇ ನಾಲ್ಕೂ ಕಡೆಗೆ ಹಂಚುತ್ತದೆ. ಬೆಳಿಗ್ಗೆ ನಿಮ್ಮ ಪ್ರಿಂಟರಿನಿಂದ ಹಾಳೆ ಹೊರಬರುತ್ತದೆ. ನಿಮ್ಮಲ್ಲಿ ಇಲ್ಲದ ಔಷಧ ಯಾವ ಊರಿನಲ್ಲಿದೆ ಎಂದು ಕೂತಲ್ಲೇ ತಿಳಿಯುತ್ತದೆ.

ಹಂಚುವ ಈ ಪ್ರೋಗ್ರಾಂ ಮುಂಬಯಿಯಿಂದ ಫ್ಲಾಪಿಯಲ್ಲಿ ಬಂದ ಹೊಸ ಸರಕು. ಹಲವು ಸಲ ಪರೀಕ್ಷೆ ಮಾಡಿದ ಮೇಲಷ್ಟೇ ಅದನ್ನು ನಂಬಬೇಕು. ಆ ಕೆಲಸ ನನ್ನದು. ನಿಮ್ಮ ನೆರವು ಬೇಕು.

ನಿಮ್ಮ
ಪ್ರಾಣೇಶ


ಹಿರೇಕೆರೂರು
21 ಜೂನ್ 1988

ಚಿರಂಜೀವಿ ಪ್ರಾಣೇಶನಿಗೆ ಗೋಣೆಪ್ಪನ ಆಶೀರ್ವಾದ.

ನೀನು ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಇದು ಫಕ್ಕೀರವ್ವನ ಅಪ್ಪಣೆ. "ಅವ್ವಾ ಅಂತ ಕರದ ಹುಡುಗಗ ರೀ ಹಚ್ಚಿ ಬರೀತೀರಲ್ಲ, ನಾಚಿಕಿ ಬರೂದಿಲ್ಲೇನು?" ಎಂದಳು.

ನಿನ್ನ ಯಂತ್ರ ದಿನಾ ಬೆಳಿಗ್ಗೆ ಕರ್‍ರ್ ಎಂದು ಹಾಳೆ ಕೊಡುತ್ತಿದೆ. ಸಂತೆಗೆ ಬಂದವರೆಲ್ಲ ಕಿಟಕಿಯಲ್ಲಿ ನಿಂತು ನೋಡಿ ಹೋಗುತ್ತಾರೆ. ಮೊನ್ನೆ ಫಕ್ಕೀರವ್ವನೂ ಬಂದಿದ್ದಳು. "ಹಾನಗಲ್ಲಾಗ ನನ್ನ ತಂಗಿ ಹ್ಯಾಂಗದಾಳ ಕೇಳ್ರಿ ಅದನ್ನ" ಎಂದಳು. ಅದಕ್ಕೆ ಸೀಸೆ, ಗುಳಿಗೆ ಬಿಟ್ಟು ಬೇರೇನೂ ಗೊತ್ತಿಲ್ಲವೆಂದೆ. "ಮತ್ತ ಇಷ್ಟ ದೊಡ್ಡ ಪೆಟಗಿ ಯಾಕ?" ಎಂದು ಸೆರಗಿನಿಂದ ಅದರ ಧೂಳು ಒರೆಸಿ ಹೋದಳು.

ಕಂಪೌಂಡರಾಗಿ ನನ್ನ ತಲೆ ಹಣ್ಣಾಗಿದೆ. ಈ ವಯಸ್ಸಿನಲ್ಲಿ ಗುಂಡಿ ಒತ್ತುವುದನ್ನು ಕಲಿಯಲು ಯಾಕೆ ಒಪ್ಪಿದೆ ಎಂದು ನೀನು ಕೇಳಿದ್ದೆ. ಅವತ್ತು ಹೇಳಲಿಲ್ಲ. ಹೋದ ಮಳೆಗಾಲದಲ್ಲಿ ಒಬ್ಬ ಬಾಣಂತಿಗೆ ನಂಜೇರಿತ್ತು. ಬೇಕಾದ ಔಷಧ ನಮ್ಮಲ್ಲಿ ಮುಗಿದಿತ್ತು. ಬಸ್ಸಿನ ಕಂಡಕ್ಟರ್ ಮಜೀದನ ಕೈಯಲ್ಲಿ ಶಿಗ್ಗಾವಿಗೆ ಚೀಟಿ ಕಳಿಸಿದೆ. ಮರುದಿನ ಅವನು ಔಷಧ ತಂದ. ತಂದಾಗ ಬಾಣಂತಿಯ ಮನೆಯ ಅಂಗಳದಲ್ಲಿ ಜನ ಕೂಡಿದ್ದರು. ಆಮೇಲೆ ತಿಳಿಯಿತು, ಅದೇ ಔಷಧ ಹತ್ತಿರದ ಹಾನಗಲ್ಲಿನಲ್ಲೂ ಇತ್ತಂತೆ. ಅದಕ್ಕೇ ಒಪ್ಪಿದೆ.

ನೀನು ಬೇಗ ಮದುವೆಯಾಗಬೇಕಂತೆ. ಇದೂ ಅವಳದೇ ಅಪ್ಪಣೆ.

ಗೋಣೆಪ್ಪ


ಹುಬ್ಬಳ್ಳಿ
8 ಜುಲೈ 1988

ಕಾಕಾ ಅವರಿಗೆ ನಮಸ್ಕಾರಗಳು.

ಕೊನೆಯ ಪರೀಕ್ಷೆಗೆ ಬಂದಿದ್ದೇವೆ. ಬರುವ ಸೋಮವಾರದಿಂದ ಶುಕ್ರವಾರದವರೆಗೆ ನಿಜವಾದ ಅಂಕಿ ತೆಗೆದು, ನಾನೇ ಕಲ್ಪಿಸಿದ ಸುಳ್ಳು ಅಂಕಿಗಳನ್ನು ಹಂಚುತ್ತೇನೆ. ದಿನಕ್ಕೊಂದು ಬಗೆ. ಯಾವ ಊರಿಗೆ ಎಷ್ಟು ಹಾಕಿದ್ದೇನೆಂದು ನಿಮಗೆ ಮೊದಲೇ ಹೇಳುವುದಿಲ್ಲ. ಬಂದದ್ದನ್ನು ನೀವು ಓದಿ ತಿಳಿಸಿ, ನಾನು ತಾಳೆ ನೋಡುತ್ತೇನೆ. ಆ ಐದು ದಿನ ಹಾಳೆ ನೋಡಿ ಯಾರನ್ನೂ ಎಲ್ಲಿಗೂ ಕಳಿಸಬೇಡಿ.

ಶುಕ್ರವಾರ ರಾತ್ರಿ ಸುಳ್ಳೆಲ್ಲ ಅಳಿಸಿಹಾಕುತ್ತೇನೆ. ಶನಿವಾರದಿಂದ ಹಾಳೆಯಲ್ಲಿ ಬರುವುದೆಲ್ಲ ನಿಜ. ಕಣ್ಣು ಮುಚ್ಚಿ ನಂಬಬಹುದು.

ಅವಸರ ಮಾಡುತ್ತಿದ್ದೇನೆ ಎನಿಸಬಹುದು. ಯಂತ್ರಗಳನ್ನು ದಾನ ಕೊಟ್ಟ ದೊಡ್ಡ ಮನುಷ್ಯರು ಆಗಸ್ಟ್ ಹದಿನೈದಕ್ಕೆ ಉದ್ಘಾಟನೆಗೆ ಬರುತ್ತಾರಂತೆ. ನಮ್ಮ ಕಾರ್ಯದರ್ಶಿಯವರು ದಿನಕ್ಕೆರಡು ಸಲ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. "ಮುಗೀತೇನಪಾ?" ಎಂಬ ಒಂದೇ ಮಾತು.

ಪ್ರಾಣೇಶ


ಹಿರೇಕೆರೂರು
14 ಜುಲೈ 1988

ಚಿರಂಜೀವಿ ಪ್ರಾಣೇಶನಿಗೆ ಆಶೀರ್ವಾದ.

ಮೂರು ದಿನದ ಅಂಕಿಗಳು ತಾಳೆಯಾದವೆಂದು ನೀನು ಫೋನಿನಲ್ಲಿ ಹೇಳಿದಾಗ ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಹಿಗ್ಗಿದೆ. ಮಳೆ ಜೋರಾಗಿದೆ. ಚಿಕ್ಕೇರೂರಿನ ಕಡೆ ಎರಡು ಟೆಲಿಫೋನ್ ಕಂಬ ವಾಲಿವೆಯಂತೆ, ಮಾತು ಕಡಿದು ಕಡಿದು ಬರುತ್ತಿದೆ.

ಫಕ್ಕೀರವ್ವ ನಾಳೆ ತವರಿಗೆ ಹೊರಟಿದ್ದಾಳೆ. ಚಿಕ್ಕೇರೂರಿನಲ್ಲಿ ಅವಳ ತಮ್ಮ ಹುಚ್ಚಪ್ಪನ ಹೊಲದಲ್ಲಿ ಗೋವಿನಜೋಳದ ಕಳೆ ತೆಗೆಯುತ್ತಿದ್ದಾರೆ. ಆಳು ಸಾಲದು ಎಂದು ಸುದ್ದಿ ಕಳಿಸಿದ್ದ. ರವಿವಾರ ಬರುತ್ತಾಳೆ. ಹೋಗುವ ಗಡಿಬಿಡಿಯಲ್ಲೂ ನಿನಗೆ ಶೇಂಗಾ ಚಟ್ನಿ ಕುಟ್ಟಿ ಮಜೀದನ ಕೈಯಲ್ಲಿ ಕೊಟ್ಟಿದ್ದಾಳೆ. ಇಸಿದುಕೋ.

ಗೋಣೆಪ್ಪ


ಹಿರೇಕೆರೂರು
22 ಜುಲೈ 1988

ಶ್ರೀ ಪ್ರಾಣೇಶ ಅವರಿಗೆ.

ಶನಿವಾರ ತಾರೀಖು ಹದಿನಾರರ ಹಾಳೆಯಲ್ಲಿ ಹಾನಗಲ್ಲು ದವಾಖಾನೆಯ ಹಾವಿನ ಔಷಧದ ಮುಂದೆ ಇಪ್ಪತ್ನಾಲ್ಕು ಸೀಸೆ ಎಂದು ಬಂದಿತ್ತು. ಅವತ್ತು ಅಲ್ಲಿ ಒಂದೂ ಇರಲಿಲ್ಲ. ಹಾಳೆಯ ತಲೆಯ ಮೇಲೆ ಶನಿವಾರದ ತಾರೀಖೇ ಇತ್ತು.

ನಡೆದದ್ದನ್ನು ಮರುದಿನವೇ ಕಾರ್ಯದರ್ಶಿಯವರಿಗೆ ತಾರು ಮಾಡಿ ತಿಳಿಸಿದ್ದೇನೆ. ನಿಮಗೂ ಗೊತ್ತಾಗಿರುತ್ತದೆ. ಇಷ್ಟು ದಿನವಾದರೂ ನಿಮ್ಮಿಂದ ಒಂದು ಸಾಲು ಬರಲಿಲ್ಲ. ನಾನು ಕೇಳುವುದು ಒಂದೇ. ಶನಿವಾರದಿಂದ ಎಲ್ಲ ನಿಜ ಎಂದು ಬರೆದಿದ್ದಿರಿ. ಆ ಅಂಕಿ ಎಲ್ಲಿಂದ ಬಂತು?

ಗೋಣೆಪ್ಪ


ಹುಬ್ಬಳ್ಳಿ
26 ಜುಲೈ 1988

ಗೋಣೆಪ್ಪ ಕಾಕಾ ಅವರಿಗೆ.

ನಿಮ್ಮ ಕಾಗದ ತಲುಪಿತು. ಹಿರೇಕೆರೂರಿನಿಂದ ತಾರು ಬಂದಿದೆ, ಯಾವುದೋ ಅಂಕಿ ತಪ್ಪಾಗಿದೆ ಎಂದು ಕಾರ್ಯದರ್ಶಿಯವರು ಹೇಳಿದ್ದರು. ಯಾವುದು ಎಂದು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಿಮ್ಮ ಕಾಗದದಿಂದ ತಿಳಿಯಿತು. ಎರಡು ದಿನ ಕೂತು ಮೂಲ ಹಿಡಿದಿದ್ದೇನೆ.

ಶುಕ್ರವಾರ ಮಧ್ಯಾಹ್ನ ಸವಣೂರಿನ ಅಂಕಿ ಅದಲುಬದಲಾಗಿ ಬಂದಿದ್ದರಿಂದ ಇನ್ನೊಂದು ಸುತ್ತು ಸುಳ್ಳು ಅಂಕಿ ಕಳಿಸಿ ನೋಡಿದೆ. ಆ ಇಪ್ಪತ್ನಾಲ್ಕು ಅದರದು. ರಾತ್ರಿ ಅಳಿಸುವ ಆಜ್ಞೆ ಕೊಟ್ಟೆ. ಮೂರು ಊರಿಗೆ ಮುಟ್ಟಿತು. ನಿಮ್ಮ ಲೈನ್ ಅಷ್ಟರಲ್ಲಿ ಬಿದ್ದುಹೋಗಿತ್ತು. ಹೊಸದೇನೂ ಬಾರದಿದ್ದರೆ ನಿಮ್ಮ ಯಂತ್ರ ತನ್ನಲ್ಲಿದ್ದ ಹಳೆಯದನ್ನೇ ಆ ದಿನದ ತಾರೀಖು ಹಾಕಿ ಅಚ್ಚು ಮಾಡುತ್ತದೆ. ಪ್ರೋಗ್ರಾಮಿನ ದೊಡ್ಡ ದೋಷವಿದು. ಪರೀಕ್ಷೆಯ ಕಾಲದಲ್ಲೇ ಸಿಕ್ಕಿದ್ದು ನಮ್ಮ ಪುಣ್ಯ. ಮುಂದೆ ಸಿಕ್ಕಿದ್ದರೆ ಏನು ಅನಾಹುತವಾಗುತ್ತಿತ್ತೋ.

ಆದರೆ ನಿಮ್ಮ ಕಾಗದದ ಧಾಟಿ ನೋಡಿ ನನಗೆ ಬೇಸರವಾಯಿತು. ಹಗಲು ರಾತ್ರಿ ಎನ್ನದೆ ದುಡಿಯುತ್ತಿರುವವನಿಗೆ "ಶ್ರೀ ಪ್ರಾಣೇಶ ಅವರಿಗೆ" ಎಂದು ಬರೆದಿದ್ದೀರಿ. ಸಿಟ್ಟಿನಿಂದ ಬರೆಯುತ್ತೇನೆಂದು ತಿಳಿಯಬೇಡಿ. ಹಾನಗಲ್ಲಿನಂಥ ಸಣ್ಣ ದವಾಖಾನೆಯಲ್ಲಿ ಇಪ್ಪತ್ನಾಲ್ಕು ಸೀಸೆ ಹಾವಿನ ಔಷಧ ಎಲ್ಲಿಂದ ಬರಬೇಕು? ಇಷ್ಟು ವರ್ಷ ಕಂಪೌಂಡರಾಗಿದ್ದವರಿಗೆ ಅಂಕಿ ನೋಡಿದ ಕೂಡಲೇ ಅನುಮಾನ ಬರಬೇಕಿತ್ತು. ಹಾನಗಲ್ಲಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಯಂತ್ರ ಹೇಳಿದ್ದನ್ನೆಲ್ಲ ನಂಬಿ, ಆಮೇಲೆ ಯಂತ್ರವನ್ನು ಬೈದರೆ ಹೇಗೆ?

ಇರಲಿ. ಅವ್ವನಿಗೆ ನಮಸ್ಕಾರ ತಿಳಿಸಿ. ಚಟ್ನಿ ಆಗಲೇ ಮುಗಿದಿದೆ ಎಂದೂ ಹೇಳಿ.

ಪ್ರಾಣೇಶ


ಹಿರೇಕೆರೂರು
3 ಆಗಸ್ಟ್ 1988

ಪ್ರಾಣೇಶನಿಗೆ.

ನಿನ್ನ ಕಾಗದ ಮುಟ್ಟಿತು. ನೀನು ಬರೆದದ್ದು ಸರಿ. ಅನುಮಾನ ಬರಬೇಕಿತ್ತು.

ಲೈನ್ ಈಗ ಸರಿಯಾಗಿದೆ. ಸಂಜೆಯ ಅಂಕಿ ತಪ್ಪದೆ ಹಾಕುತ್ತೇನೆ. ಚಟ್ನಿ ಕಳಿಸಲು ಆಗುವುದಿಲ್ಲ.

ಗೋಣೆಪ್ಪ


ಹುಬ್ಬಳ್ಳಿ
17 ಆಗಸ್ಟ್ 1988

ಕಾಕಾ ಅವರಿಗೆ ನಮಸ್ಕಾರಗಳು.

ಉದ್ಘಾಟನೆ ಮುಗಿಯಿತು. ಹಾರ, ತುರಾಯಿ, ಭಾಷಣ ಎಲ್ಲ ಆಯಿತು. ದೊಡ್ಡ ಮನುಷ್ಯರು ಗುಂಡಿ ಒತ್ತಿದರು, ಹಾಳೆ ಬಂತು, ಚಪ್ಪಾಳೆ ಬಿತ್ತು. ನಾಲ್ಕೂ ಊರಿನವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೆ. ನಿಮ್ಮದು ಖಾಲಿಯೇ ಉಳಿಯಿತು. ಯಾಕೆ ಬರಲಿಲ್ಲವೆಂದು ಕಾರ್ಯದರ್ಶಿಯವರನ್ನು ಕೇಳಿದರೆ, "ಮನ್ಯಾಗ ಏನೋ ತೊಂದ್ರಿ ಅಂತ, ಬಿಡು" ಎಂದು ಬೇರೆ ಮಾತು ತೆಗೆದರು. ಹಾನಗಲ್ಲಿನ ನರ್ಸ್ ಮುಮ್ತಾಜಬೇಗಂ ಬಂದಿದ್ದರು. ನನ್ನ ಹತ್ತಿರ ಬಂದು ಏನೋ ಹೇಳಹೊರಟರು, ಅಷ್ಟರಲ್ಲಿ ಫೋಟೋಕ್ಕೆ ಕರೆದರು.

ನನ್ನ ಕಾಗದ ನಿಮಗೆ ನೋವು ಮಾಡಿರಬೇಕು. ಹಿರಿಯರಿಗೆ ಹಾಗೆ ಬರೆಯಬಾರದಿತ್ತು. ನೀವು ಬೈದಿದ್ದರೆ ಚೆನ್ನಾಗಿತ್ತು. ಅವ್ವನಿಗೂ ನನ್ನ ಮೇಲೆ ಸಿಟ್ಟೇ? ಅವರಾದರೂ ನಿಮ್ಮ ಕೈಯಲ್ಲಿ ಎರಡು ಸಾಲು ಬರೆಸಲಿ.

ಪ್ರಾಣೇಶ


ಹುಬ್ಬಳ್ಳಿ
11 ಸೆಪ್ಟೆಂಬರ್ 1988

ಕಾಕಾ,

ಉತ್ತರ ಬರಲಿಲ್ಲ. ಫೋನ್ ಮಾಡಿದರೆ ರೋಗಿಗಳಿದ್ದಾರೆ ಎಂದು ಇಟ್ಟುಬಿಡುತ್ತೀರಿ. ಆದರೆ ಪ್ರತಿ ಸಂಜೆ ಹಿರೇಕೆರೂರಿನ ಅಂಕಿ ಎಲ್ಲರಿಗಿಂತ ಮೊದಲು ಬರುತ್ತದೆ. ಅದು ಬಂದಾಗ ನೀವು ಕುರ್ಚಿಯಲ್ಲಿ ಕೂತಿದ್ದೀರಿ ಎಂದಷ್ಟೇ ನನಗೆ ತಿಳಿಯುತ್ತದೆ. ಗುಳಿಗೆ ಇಷ್ಟು, ಸೀಸೆ ಇಷ್ಟು. ಅದರಾಚೆ ಒಂದು ಅಕ್ಷರವಿಲ್ಲ.

ದಸರೆಗೆ ಮುಂಚೆ ಎಲ್ಲ ಕಡೆಯ ಯಂತ್ರ ನೋಡಿಕೊಂಡು ಬರುವ ಕೆಲಸವಿದೆ. ಹಾನಗಲ್ಲು ಮುಗಿಸಿ ನಿಮ್ಮಲ್ಲಿಗೆ ಬರುತ್ತೇನೆ. ಆಗ ಎದುರಿಗೆ ಕೂಡಿಸಿಕೊಂಡು ಬೈಯಿರಿ.

ಪ್ರಾಣೇಶ


ತಿಳವಳ್ಳಿ
6 ಅಕ್ಟೋಬರ್ 1988

ಕಾಕಾ,

ಹಾನಗಲ್ಲಿನಿಂದ ಹಿರೇಕೆರೂರಿನ ಬಸ್ಸು ಹತ್ತಿದವನು ತಿಳವಳ್ಳಿಯಲ್ಲಿ ಇಳಿದುಬಿಟ್ಟೆ. ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಮುಮ್ತಾಜಬೇಗಂ ಅವರ ಯಂತ್ರ ನೋಡುತ್ತ, "ಗೋಣೆಪ್ಪ ಕಾಕಾ ನನ್ನ ಮ್ಯಾಲೆ ಸಿಟ್ಟಾಗ್ಯಾರ, ಅವ್ವನ ಕಡೆ ಹೇಳಿಸಿ ಸಮಾಧಾನ ಮಾಡಬೇಕು" ಎಂದೆ. ಆಕೆ ಕೈಯಲ್ಲಿದ್ದ ಔಷಧದ ಪೆಟ್ಟಿಗೆ ಕೆಳಗಿಟ್ಟರು.

"ಯಾವ ಅವ್ವ ಸಾಹೇಬ್ರ?" ಎಂದರು.

"ಫಕ್ಕೀರವ್ವ."

"ನಿಮಗ ಖರೇನ ಗೊತ್ತಿಲ್ಲೇನ್ರಿ? ಆಫೀಸಿನವ್ರು ಹೇಳಿಲ್ಲೇನು?"

ಆಮೇಲೆ ಅವರು ಹೇಳಿದ್ದನ್ನು ನಿಮಗೇ ಬರೆಯಬೇಕಾಗಿದೆ. ಆ ಶನಿವಾರ ಸಂಜೆಯ ಹೊತ್ತಿಗೆ ಒಂದು ಜೀಪು ಬಂದು ನಿಂತಿತಂತೆ. ನೀವು ಆ ಹಾಳೆ ಹಿಡಿದುಕೊಂಡು ಒಳಗೆ ಓಡಿದಿರಂತೆ. "ಹಾವಿನ ಔಷಧ ತಗೀರಿ ಬೇಗಂ ಅವ್ರ, ಲಗೂ ತಗೀರಿ" ಎಂದಿರಂತೆ. ಅವರು ಇಲ್ಲವೆಂದರು. ನೀವು ನಂಬಲಿಲ್ಲ. ಕಪಾಟು ತೆಗೆದು ತೋರಿಸಿದರು. ನೀವು ಒಂದೊಂದೇ ಅರೆಗೆ ಕೈ ಹಾಕಿ ನೋಡಿದಿರಂತೆ. "ಹಾಳ್ಯಾಗ ಐತಲ್ಲ, ಹಾಳ್ಯಾಗ ಐತಲ್ಲ" ಎನ್ನುತ್ತಿದ್ದಿರಂತೆ. ಮುಮ್ತಾಜಬೇಗಂ ತಾವೂ ಜೀಪು ಹತ್ತಿ, ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಹಾವೇರಿಗೆ ಹೊರಟರಂತೆ. ಅವ್ವನ ಜೀವ ಹಾವೇರಿ ಮುಟ್ಟಲಿಲ್ಲ.

ಆ ಇಪ್ಪತ್ನಾಲ್ಕು ನಾನು ಹಾಕಿದ್ದು. ಯಾವ ಕಾರಣವೂ ಇಲ್ಲದೆ, ತೋಚಿದ್ದೊಂದು ಅಂಕಿ.

ನಿಮ್ಮ ಲೈನ್ ಬಿದ್ದಿತ್ತೆಂದು ನಾನೇ ಬರೆದು, ಅದೇ ಕಾಗದದಲ್ಲಿ ಹಾನಗಲ್ಲಿಗೆ ಫೋನ್ ಮಾಡಬೇಕಿತ್ತೆಂದೂ ಬರೆದಿದ್ದೇನೆ. ಪರೀಕ್ಷೆಯ ಕಾಲದಲ್ಲೇ ಸಿಕ್ಕಿದ್ದು ಪುಣ್ಯ ಎಂದಿದ್ದೇನೆ. ಚಟ್ನಿ ಕೇಳಿದ್ದೇನೆ. ಅದನ್ನು ನೀವು ಓದಿದಿರಿ. ಓದಿ, ನಾನು ಬರೆದದ್ದು ಸರಿ ಎಂದು ಉತ್ತರ ಬರೆದಿರಿ.

ಯಾಕೆ ಹೇಳಲಿಲ್ಲ ಕಾಕಾ?

ಕೆಲಸ ಬಿಡುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖವೂ ಇಲ್ಲ, ಕೇಳದೆ ಇರಲೂ ಆಗುತ್ತಿಲ್ಲ.

ಪ್ರಾಣೇಶ


ಹಿರೇಕೆರೂರು
24 ಅಕ್ಟೋಬರ್ 1988

ಪ್ರಾಣೇಶಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಕೂತಾಗಲೆಲ್ಲ ಯಾರಾದರೂ ರೋಗಿ ಬಂದರೆ ಸಾಕಪ್ಪ ಎನಿಸುತ್ತಿತ್ತು. ಇವತ್ತು ಯಾರೂ ಬಂದಿಲ್ಲ.

ಮುಮ್ತಾಜಬೇಗಂ ಹೇಳಿದ್ದು ಸರಿಯಿದೆ. ಆದರೆ ಅವರು ನೋಡಿದ್ದು ಕೊನೆಯ ಭಾಗ. ಮೊದಲಿನದು ನನಗೆ ಮಾತ್ರ ಗೊತ್ತು.

ಮಧ್ಯಾಹ್ನ ಉಂಡು ಬಂದು ದವಾಖಾನೆಯ ಬಾಗಿಲು ತೆಗೆಯುತ್ತಿದ್ದೆ. ಹುಚ್ಚಪ್ಪ ಯಾರೋ ವ್ಯಾಪಾರಿಯ ಜೀಪು ತಂದು ನಿಲ್ಲಿಸಿದ. ಹಿಂದೆ ಫಕ್ಕೀರವ್ವ ಕೂತಿದ್ದಳು. ಮಲಗಿರಲಿಲ್ಲ, ನೆಟ್ಟಗೆ ಕೂತಿದ್ದಳು. ಕಾಲಿಗೆ ಬಟ್ಟೆ ಕಟ್ಟಿದ್ದರು. "ಏನಾತು?" ಎಂದೆ. "ಬದುವಿನ ಮ್ಯಾಲೆ ಮಲಗಿತ್ರಿ, ನಾಗರಹಾವು. ನಾನ ತುಳದೆ. ಅದರದೇನು ತಪ್ಪು" ಎಂದಳು. ನನ್ನನ್ನೇ ಸಮಾಧಾನ ಮಾಡುವ ಹಾಗೆ ಮಾತಾಡಿದಳು.

ನಮ್ಮಲ್ಲಿ ಔಷಧ ಮುಗಿದಿತ್ತು. ಊರಲ್ಲಿ ಬೇರೆ ಎಲ್ಲೂ ಇರಲಿಲ್ಲ. ಹಾವೇರಿಗೆ ಹೋದರೆ ಸಿಗುತ್ತದೆ ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹುಚ್ಚಪ್ಪ ಜೀಪಿನ ಮುಖವನ್ನು ಹಾವೇರಿಯ ಕಡೆಗೇ ತಿರುಗಿಸಿದ್ದ. ಫೋನ್ ಎತ್ತಿದೆ, ಸತ್ತಿತ್ತು. ನಾನೇ ಒಳಗೆ ಹೋಗಿ ಹಾಳೆ ನೋಡಿದೆ. ಹಾನಗಲ್ಲು, ಇಪ್ಪತ್ನಾಲ್ಕು.

"ಮಾವಾ, ಹಾವೇರಿಗೆ ಹೊಡೀಲೇನು?" ಎಂದ.

"ಬ್ಯಾಡ. ಹಾನಗಲ್ಲಿಗೆ ನಡಿ. ಅಲ್ಲೆ ರಗಡ ಐತಿ" ಎಂದೆ.

ಅನುಮಾನ ಬರಬೇಕಿತ್ತು ಎಂದು ಬರೆದಿದ್ದೆಯಲ್ಲ. ಬಂದಿತ್ತು, ಪ್ರಾಣೇಶಾ. ಚಿಕ್ಕೇರೂರು ದಾಟುವಾಗ ಬಂತು. ಹಾನಗಲ್ಲಿನ ಆ ಸಣ್ಣ ಕಪಾಟಿನಲ್ಲಿ ಇಪ್ಪತ್ನಾಲ್ಕು ಸೀಸೆ ಎಲ್ಲಿಡುತ್ತಾರೆ ಎನಿಸಿತು. ಆಗಿನ್ನೂ ಹಾವೇರಿಯ ದಾರಿಗೆ ತಿರುಗಬಹುದಿತ್ತು. ಅಷ್ಟೊತ್ತಿಗೆ ಅವಳ ಕಣ್ಣಿನ ರೆಪ್ಪೆಗಳು ಜೋಲುತ್ತಿದ್ದವು. ತಿರುಗಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಖರೇ ಇರಲಿ, ಖರೇ ಇರಲಿ ಎಂದುಕೊಳ್ಳುತ್ತ ಕೂತೆ. ತಿಳವಳ್ಳಿಯ ಹತ್ತಿರ ಅವಳು, "ಇನ್ನ ದೂರ ಐತೇನ್ರಿ?" ಎಂದಳು. ಮಾತು ತೊದಲಿತ್ತು. "ಬಂತು" ಎಂದೆ. ಅವಳ ಮಾತು ಅದೇ ಕೊನೆ. ನಾಲ್ಕು ಮೈಲಿಗೊಮ್ಮೆ "ಬಂತು, ಬಂತು" ಎನ್ನುತ್ತಲೇ ಹೋದೆ, ಅವಳು ಕೇಳದಿದ್ದರೂ.

ಅನುಮಾನ ಬಂದದ್ದನ್ನು ಹುಚ್ಚಪ್ಪನಿಗೆ ಹೇಳಿಲ್ಲ. ಬ್ಯಾಡಗಿಯಲ್ಲಿರುವ ಮಗಳು ಸರೋಜವ್ವನಿಗೂ ಹೇಳಿಲ್ಲ. ಹಾವೇರಿಯ ಡಾಕ್ಟರು, ಮೊದಲೇ ಬಂದಿದ್ದರೂ ಇಷ್ಟೇ ಎನ್ನಲು ಆಗದು, ಉಳಿಯುತ್ತಿದ್ದರು ಎನ್ನಲೂ ಆಗದು ಎಂದರು. ಆ ಮಾತನ್ನು ಹಿಡಿದುಕೊಂಡು ಕೆಲವು ದಿನ ಮಲಗುತ್ತೇನೆ. ಕೆಲವು ದಿನ ಅದೂ ಸಾಲುವುದಿಲ್ಲ.

ನಿನಗೆ ಎಲ್ಲ ಗೊತ್ತಿದೆ ಎಂದೇ ನಾನು ತಿಳಿದಿದ್ದೆ. ಗೊತ್ತಿದ್ದೂ ಸುಮ್ಮನಿದ್ದಾನಲ್ಲ ಎಂದು ಮೈಯೆಲ್ಲ ಉರಿಯಿತು. ಜುಲೈಯಲ್ಲಿ ಆ ಕಾಗದ ಬರೆದದ್ದು ಆ ಉರಿಯಲ್ಲಿ. ನಿನ್ನ ಉತ್ತರದ ಕೊನೆಯಲ್ಲಿ ಅವ್ವನಿಗೆ ನಮಸ್ಕಾರ ಎಂಬ ಸಾಲು ಓದಿದಾಗ, ಈ ಹುಡುಗನಿಗೆ ಗೊತ್ತೇ ಇಲ್ಲ ಎಂದು ತಿಳಿಯಿತು.

ಆಗ ಹೇಳಬಹುದಿತ್ತು. ಕನಿಕರಪಟ್ಟು ಹೇಳಲಿಲ್ಲ ಎಂದು ತಿಳಿಯಬೇಡ. ಹೇಳಿದರೆ ನೀನು ಓಡಿ ಬರುತ್ತೀ, ಅಳುತ್ತೀ. ನಾನು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಕ್ಷಮೆ ಕೇಳಿದ್ದೀ. ಅದು ನನ್ನ ಹತ್ತಿರ ಈಗ ಇಲ್ಲ. ನನಗೇ ಕೊಟ್ಟುಕೊಳ್ಳಲು ಇಲ್ಲ. ಮುಂದೆ ಬಂದೀತು, ಬರಲಿಕ್ಕಿಲ್ಲ. ಅದಕ್ಕೆ ಕಾಯುತ್ತ ಕೂಡಬೇಡ. ಕೆಲಸ ಬಿಡುವುದು ನಿನ್ನ ಮನಸ್ಸು. ಆ ಪ್ರೋಗ್ರಾಮನ್ನು ಮಾತ್ರ ಹೀಗೇ ಬಿಟ್ಟು ಹೋಗಬೇಡ. ನಾಳೆ ಇನ್ನೊಬ್ಬ ಬಂದು ಅದನ್ನು ನಂಬುತ್ತಾನೆ.

ಗೋಣೆಪ್ಪ


ಹುಬ್ಬಳ್ಳಿ
20 ನವೆಂಬರ್ 1988

ಕಾಕಾ ಅವರಿಗೆ,

ಕೆಲಸ ಬಿಟ್ಟಿಲ್ಲ.

ಕಾರ್ಯದರ್ಶಿಯವರ ಎದುರು ನಿಂತು ಯಾಕೆ ಮುಚ್ಚಿಟ್ಟಿರೆಂದು ಕೇಳಿದೆ. "ಹೇಳಿದ್ರ ನೀ ಕೆಲಸ ಬಿಟ್ಟು ಕೂಡ್ತಿದ್ದಿ. ಹದಿನೈದಕ್ಕ ಮಂದಿ ಬರೂದಿತ್ತು" ಎಂದರು. ಅವರ ದನಿಯಲ್ಲಿ ಅಳುಕೂ ಇರಲಿಲ್ಲ, ಕಠಿಣತೆಯೂ ಇರಲಿಲ್ಲ. ಮಳೆ ಬರುವುದಿತ್ತು, ಬಟ್ಟೆ ಒಳಗೆ ತಂದೆ ಎನ್ನುವ ಹಾಗೆ ಹೇಳಿದರು. ಪ್ರೋಗ್ರಾಂ ತಿದ್ದುವವರೆಗೆ ನಾಲ್ಕೂ ಕಡೆ ಹಾಳೆ ನಿಲ್ಲಿಸುತ್ತೇನೆಂದೆ. ದಾನ ಕೊಟ್ಟವರಿಗೆ ಏನು ಹೇಳಲಿ ಎಂದರು. ನಡೆದದ್ದನ್ನೇ ಹೇಳಿರಿ, ಇಲ್ಲವಾದರೆ ನಾನೇ ಬರೆಯುತ್ತೇನೆ ಎಂದೆ. ಆಮೇಲೆ ಅವರು ನನ್ನ ಮೇಜಿನ ಹತ್ತಿರ ಬರಲಿಲ್ಲ.

ಈಗ ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದನ್ನು ಹಾಕಿದವರ ಹೆಸರು, ಹಾಕಿದ ದಿನ ಅಚ್ಚಾಗುತ್ತದೆ. ಹಿಂದಿನ ಸಂಜೆ ಹಾಕದೆ ಇದ್ದದ್ದು, ಅಥವಾ ಮುಟ್ಟದೆ ಇದ್ದದ್ದು, ಅಚ್ಚಾಗುವುದೇ ಇಲ್ಲ. ಆ ಜಾಗ ಖಾಲಿ ಬರುತ್ತದೆ. ಪರೀಕ್ಷೆಯ ಅಂಕಿಗೆ ಬೇರೆ ಯಂತ್ರ, ಬೇರೆ ಕಾಗದ. ಒಂದೊಂದೇ ಊರಿನ ತಂತಿಯನ್ನು ನಾನೇ ಕಿತ್ತು ನೋಡಿದೆ. ಸವಣೂರು ಕಿತ್ತೆ, ಖಾಲಿ ಬಂತು. ಶಿಗ್ಗಾವಿ ಕಿತ್ತೆ, ಖಾಲಿ. ಎಲ್ಲ ಒಟ್ಟಿಗೆ ಕಿತ್ತೆ. ಬರಿಯ ಬಿಳಿ ಹಾಳೆ ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

ಮನೆಯಲ್ಲಿ ಹೇಳಿದೆ. ನಮ್ಮ ತಾಯಿ ಹಚ್ಚಿದ್ದ ಒಲೆ ಆರಿಸಿದರು. ಆಮೇಲೆ, "ಅಕಿ ಕೈಯಿಂದ ಉಂಡು ಬಂದೀ ಅಂತ ನನಗ ಅವತ್ತ ಗೊತ್ತಿತ್ತು. ಖಾನಾವಳಿ ಊಟಕ್ಕ ಯಾರ ಮಾರಿನೂ ಹಂಗ ಅರಳೂದಿಲ್ಲ" ಎಂದರು. ಆ ರಾತ್ರಿ ಅವರೂ ಉಣ್ಣಲಿಲ್ಲ.

ಚಿಕ್ಕೇರೂರು ದಾಟುವಾಗಿನ ಮಾತು ನನ್ನ ಹತ್ತಿರವೇ ಇರುತ್ತದೆ. ನೀವು ಇನ್ನು ಕಾಗದ ಬರೆಯದಿದ್ದರೂ ನಾನು ಬರೆಯುತ್ತಿರಲೇ? ಬೇಡವೆಂದರೆ ಬರೆಯುವುದಿಲ್ಲ.

ಪ್ರಾಣೇಶ


ಹಿರೇಕೆರೂರು
9 ಜನವರಿ 1989

ಪ್ರಾಣೇಶಾ,

ನಿನ್ನ ಹೊಸ ಹಾಳೆ ತಿಂಗಳಿಂದ ಬರುತ್ತಿದೆ. ಅದರ ಬಗ್ಗೆ ಬರೆಯಬೇಕೆಂದು ನನಗೆ ಎನಿಸಿರಲಿಲ್ಲ. ನಿನ್ನೆ ಒಂದು ಘಟನೆ ನಡೆಯಿತು, ಅದಕ್ಕೆ ಕೂತಿದ್ದೇನೆ.

ಮೊನ್ನೆ ಹಾನಗಲ್ಲಿನ ಲೈನ್ ಕೆಟ್ಟಿತ್ತು. ನಿನ್ನೆ ಬೆಳಿಗ್ಗೆ ಹಾಳೆಯಲ್ಲಿ ಹಾನಗಲ್ಲಿನ ಸಾಲು ಪೂರ್ತಿ ಖಾಲಿಯಿತ್ತು. ಮಧ್ಯಾಹ್ನ ಚಿಕ್ಕೇರೂರಿನ ಕಡೆಯಿಂದಲೇ ಒಬ್ಬ ಆಳುಮಗನನ್ನು ಟ್ರ್ಯಾಕ್ಟರಿನಲ್ಲಿ ತಂದರು. ಬಸವಣ್ಣೆಪ್ಪ ಎಂದು ಹೆಸರು, ಇನ್ನೂ ಚಿಕ್ಕ ವಯಸ್ಸು, ಜೊತೆಗೆ ಬಸುರಿ ಹೆಂಡತಿ. ಹತ್ತಿ ಬಿಡಿಸುವಾಗ ಹಾವು ಕಚ್ಚಿತ್ತು. ನಮ್ಮಲ್ಲಿದ್ದ ಎರಡು ಸೀಸೆಯನ್ನು ವಾರಕ್ಕೊಮ್ಮೆ ಬರುವ ಡಾಕ್ಟರು ಹಾಕಿದರು. ಇನ್ನೂ ಬೇಕೆಂದರು. "ಎಲ್ಲಿಗಿ ಒಯ್ಯೂಣ್ರಿ?" ಎಂದು ಜೊತೆಗಿದ್ದವರು ನನ್ನನ್ನು ಕೇಳಿದರು. ನಾನು ಹಾಳೆ ನೋಡಿದೆ. ಖಾಲಿ ಜಾಗವನ್ನು ನೋಡುತ್ತ ಎಷ್ಟು ಹೊತ್ತು ನಿಂತೆನೋ, ಆ ಹೆಣ್ಣುಮಗಳು, "ಯಪ್ಪಾ, ಹೇಳ್ರೀ" ಎಂದು ಕೈ ಹಿಡಿದು ಅಲುಗಿಸಿದಳು. "ಹಾವೇರಿಗೆ. ಎಲ್ಲೂ ನಿಲ್ಲಬ್ಯಾಡ್ರಿ" ಎಂದೆ. ನಾನೂ ಹತ್ತಿದೆ.

ಉಳಿದ. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟು ನೀರು ಕೇಳಿದ.

ನನಗೆ ಸಂತೋಷವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವನ ಹೆಂಡತಿ ನನ್ನ ಕಾಲು ಮುಟ್ಟಲು ಬಂದಾಗ ಹಿಂದೆ ಸರಿದೆ. ಇವಳ ಮನುಷ್ಯ ಉಳಿದ, ನನ್ನವಳು ಯಾಕೆ ಉಳಿಯಲಿಲ್ಲ ಎಂದು ಆ ಹುಡುಗಿಯ ಮೇಲೆ ಸಿಟ್ಟು ಬಂತು. ಹಾವೇರಿ ದವಾಖಾನೆಯ ಹಿಂದಿನ ಕಟ್ಟೆಗೆ ಹೋಗಿ ಕೂತೆ. ಅಂತ್ಯಕ್ರಿಯೆಯ ದಿನವೂ ಬಾರದ ಅಳು ಅಲ್ಲಿ ಬಂತು. ಯಾರೋ ಗುರುತಿಲ್ಲದ ಮುದುಕಿ ಬಂದು, "ನಿಮ್ಮವ್ರು ಯಾರರೆ ಹೋದ್ರೇನ್ರಿ?" ಎಂದು ಕೇಳಿದಳು. ಹೂಂ ಎಂದೆ.

ಸಂಜೆಯ ಬಸ್ಸಿಗೆ ಊರಿಗೆ ಬಂದೆ. ದಾರಿಯುದ್ದಕ್ಕೂ ಆ ಹುಡುಗ ನೀರು ಕೇಳಿದ್ದೇ ಕಣ್ಣ ಮುಂದಿತ್ತು. ಮೆಲ್ಲಗೆ, ಬರುಬರುತ್ತ, ಉಳಿದದ್ದು ಒಳ್ಳೆಯದೇ ಆಯಿತು ಎನಿಸತೊಡಗಿತು. ಅವಳಿಗೆ ಹೇಳಬೇಕು ಎಂದುಕೊಂಡೇ ಬೀಗ ತೆಗೆದೆ. ಚಪ್ಪಲಿ ಬಿಟ್ಟು, "ಏ, ಕೇಳಿಲ್ಲಿ" ಎಂದು ಕರೆದೂಬಿಟ್ಟೆ.

ಮನೆಯಲ್ಲಿ ಯಾರಿಗೆ ಹೇಳಲಿ? ನಿನಗೆ ಬರೆದೆ.

ಗೋಣೆಪ್ಪ